ನಾಲೆ ನೀರು ಬಂದ ಮೇಲೆ ಗದ್ದೆ ಏಡಿ ಹಿಡಿಯುವ ಬಗೆ

ಏಡಿ ಎಂದ ಕೂಡಲೇ ಎಲ್ಲರೂ ಕಾರವಾರ, ಮಲ್ಪೆ ಕಡೆ ನೋಡುತ್ತಾರೆ. ದಾವಣಗೆರೆ ಮಾರುಕಟ್ಟೆಗೆ ಐಸ್ ಪೆಟ್ಟಿಗೆಯಲ್ಲಿ ಬರುವುದೂ ಸಮುದ್ರದ ಏಡಿಯೇ. ಆದರೆ ಭದ್ರಾ ಅಚ್ಚುಕಟ್ಟಿನ ಗದ್ದೆಬದುಗಳಲ್ಲಿ, ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಚನ್ನಗಿರಿ ಸುತ್ತಿನ ಕಾಲುವೆಗಳಲ್ಲಿ, ಹಿರಿಯೂರಿನ ವಾಣಿವಿಲಾಸ ಸಾಗರದ ಕೆಳಗಿನ ತೋಟಗಳ ನೀರುಗಾಲುವೆಗಳಲ್ಲಿ ಸಿಹಿನೀರಿನ ಏಡಿ ಇದೆ. ಅಂಗಡಿಯಲ್ಲಿ ಇದಕ್ಕೆ ಬೆಲೆಯಿಲ್ಲ, ಮಾಂಸವೂ ಕಡಿಮೆ. ಸಾರಿನ ರುಚಿ ಮಾತ್ರ ಬೇರೆಯೇ. ಮನೆಮಟ್ಟಿಗೆ, ಒಂದು ಸಂಜೆಯ ಹವ್ಯಾಸವಾಗಿ ಹಿಡಿಯುವವರಿಗೆ ಬೇಕಾದದ್ದು ಇಲ್ಲಿದೆ.

ಮೊದಲಿಗೇ ಒಂದು ಮಾತು. ಈ ಏಡಿ ಹಿಡಿಯುವುದರಲ್ಲಿ ಕೈಚಳಕಕ್ಕಿಂತ ಜಾಗದ ಆಯ್ಕೆ ದೊಡ್ಡದು. ಎಲ್ಲಿ ಹಿಡಿದಿರಿ ಎನ್ನುವುದರ ಮೇಲೆ ಅದು ತಿನ್ನಲು ಯೋಗ್ಯವೋ ಅಲ್ಲವೋ ಎಂಬುದು ನಿಂತಿದೆ. ಯಾವುದನ್ನು ವಾಪಸ್ ಬಿಟ್ಟಿರಿ ಎನ್ನುವುದರ ಮೇಲೆ ಮುಂದಿನ ವರ್ಷ ಅದೇ ಬದುವಿನಲ್ಲಿ ಏಡಿ ಇರುತ್ತದೋ ಇಲ್ಲವೋ ಎಂಬುದು ನಿಂತಿದೆ.

ಯಾವ ಏಡಿ, ಯಾವ ಕಾಲ

ನಮ್ಮ ಕಡೆ ಸಿಗುವವುಗಳಲ್ಲಿ ದೊಡ್ಡದು ಬ್ಯಾರಿಟೆಲ್ಫುಸಾ ಕ್ಯುನಿಕ್ಯುಲಾರಿಸ್ ಎಂಬ ಜಾತಿ. ಕಡುಕಂದು ಬೆನ್ನು, ದಪ್ಪ ಕೊಂಬು (ಕಚ್ಚಿ ಹಿಡಿಯುವ ಮುಂಗಾಲು), ಒಂದು ಕೊಂಬು ಇನ್ನೊಂದಕ್ಕಿಂತ ದೊಡ್ಡದು. ಹಳ್ಳದ ಕಲ್ಲುಸಂದಿ, ಕಾಲುವೆಯ ಮಣ್ಣಿನ ದಂಡೆ ಇದಕ್ಕೆ ಇಷ್ಟ. ಗದ್ದೆಯೊಳಗೇ ಓಡಾಡುವ ಸಣ್ಣ ಏಡಿಗಳೂ ಇವೆ. ದಕ್ಷಿಣ ಭಾರತದ ಭತ್ತದ ಗದ್ದೆಗಳಲ್ಲಿ ಕಾಣುವ ಓಜಿಯೊಟೆಲ್ಫುಸಾ ಗುಂಪಿನವು ಇಂಥವು. ಹಿಡಿಯುವ ವಿಧಾನ ಎರಡಕ್ಕೂ ಒಂದೇ.

ಸಮುದ್ರದ ಏಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಸಂತಾನದಲ್ಲಿದೆ. ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಟ್ಟು ಮರಿಗಳನ್ನು ನೀರಿಗೆ ಬಿಟ್ಟುಬಿಡುತ್ತದೆ. ಗದ್ದೆ ಏಡಿಯ ಮೊಟ್ಟೆ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ, ಗಾತ್ರದಲ್ಲಿ ದೊಡ್ಡವು. ತಾಯಿ ಅವನ್ನು ಹೊಟ್ಟೆಯ ಮಡಿಕೆಯ ಕೆಳಗೆ ಇಟ್ಟುಕೊಂಡು ಕಾಯುತ್ತದೆ. ಅಲ್ಲೇ ಮರಿ ಆಗಿ, ಪುಟ್ಟ ಏಡಿಯ ರೂಪದಲ್ಲೇ ಹೊರಬಂದು, ಕೆಲವು ದಿನ ತಾಯಿಯ ಹೊಟ್ಟೆಗೇ ಅಂಟಿಕೊಂಡಿರುತ್ತದೆ. ಈ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ. ಹಾಗಾಗಿ ಒಂದು ಬದುವಿನ ತಾಯಿ ಏಡಿಗಳನ್ನು ಬರಿದು ಮಾಡಿದರೆ ಬೇರೆ ಕಡೆಯಿಂದ ಬಂದು ತುಂಬಿಕೊಳ್ಳಲು ಬಹಳ ಕಾಲ ಬೇಕು.

ಬೇಸಿಗೆಯಲ್ಲಿ ಇವು ಬಿಲ ಆಳ ಮಾಡಿಕೊಂಡು ತೇವ ಇರುವಲ್ಲಿ ಅಡಗಿರುತ್ತವೆ. ಮುಂಗಾರಿನ ಮೊದಲ ಜೋರು ಮಳೆ ಬಿದ್ದಾಗ ಅಥವಾ ಒಣಗಿದ ಕಾಲುವೆಗೆ ನೀರು ಬಂದಾಗ ಹೊರಗೆ ಬರುತ್ತವೆ. ಭದ್ರಾ ನಾಲೆಗೆ ಮಳೆಗಾಲದ ಬೆಳೆಗೆ ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ, ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ನೀರು ಬಿಡುತ್ತಾರೆ. ಜಲಾಶಯದ ಮಟ್ಟ ನೋಡಿ ತಾರೀಖು ಹಿಂದೆಮುಂದೆ ಆಗುತ್ತದೆ. ಹಿಡಿಯಲು ಒಳ್ಳೆಯ ಕಾಲ ನಾಟಿ ಮುಗಿದು ಪೈರು ಬೇರೂರಿದ ಮೇಲಿನಿಂದ ಕೊಯ್ಲಿಗೆ ಗದ್ದೆಯ ನೀರು ಬಸಿಯುವವರೆಗೆ. ಜೂನ್‌ನಲ್ಲಿ ಮೊದಲ ಮಳೆಗೆ ರಸ್ತೆಯ ಮೇಲೆ ಓಡಾಡುವ ಏಡಿ ಸುಲಭವಾಗಿ ಸಿಗುವುದು ನಿಜ, ಆದರೆ ಆ ಹೊತ್ತಿಗೆ ಹೆಣ್ಣುಗಳ ಹೊಟ್ಟೆಯಲ್ಲಿ ಮರಿ ಇರುವ ಸಾಧ್ಯತೆ ಹೆಚ್ಚು. ಆ ವಾರಗಳನ್ನು ಬಿಟ್ಟುಬಿಡುವುದೇ ಸರಿ.

ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆಯವರಿಗೆ ಗದ್ದೆ ಕಡಿಮೆ. ಮಳೆ ಚೆನ್ನಾಗಿ ಆದ ವರ್ಷ ಹಳ್ಳ, ಚೆಕ್ ಡ್ಯಾಂ ಹಿನ್ನೀರಿನಲ್ಲಿ ನೋಡಬಹುದು, ಅಷ್ಟೇ.

ಜಾಗ ನೋಡುವುದು

ಗದ್ದೆಗೆ ನೀರು ತರುವ ಹೊಲಗಾಲುವೆ ಒಂದು, ಗದ್ದೆಯ ನೀರು ಬಸಿದು ಹೋಗುವ ಬಸಿಗಾಲುವೆ ಇನ್ನೊಂದು. ಏಡಿ ಹೆಚ್ಚು ಇರುವುದು ಬಸಿಗಾಲುವೆಯಲ್ಲಿ. ಕೊಳೆತ ಎಲೆ, ಕೆಸರು, ಹುಲ್ಲು, ತಿನ್ನಲು ಬೇಕಾದಷ್ಟು. ಆದರೆ ಮೇಲಿನ ಎಲ್ಲ ಗದ್ದೆಗಳಿಗೆ ಹೊಡೆದ ಔಷಧಿಯೂ ಅಲ್ಲಿಗೇ ಇಳಿಯುತ್ತದೆ. ತಿನ್ನುವ ಏಡಿಗೆ ಬಸಿಗಾಲುವೆ ಬೇಡ. ಹೊಲಗಾಲುವೆಯಲ್ಲಿ, ಅದರಲ್ಲೂ ಉಪಕಾಲುವೆಯ ತೂಬಿಗೆ ಹತ್ತಿರದ ಭಾಗದಲ್ಲಿ ಹಿಡಿಯಿರಿ. ಸಂಖ್ಯೆ ಅರ್ಧ ಸಿಕ್ಕರೂ ಪರವಾಗಿಲ್ಲ.

ಹೋಗುವ ಮುಂಚೆ ಗದ್ದೆಯವರನ್ನು ಎರಡು ವಿಷಯ ಕೇಳಿ. ಒಂದು, ಹಿಡಿಯಬಹುದೇ. ಎರಡು, ಈ ಬೆಳೆಗೆ ಹರಳು ಔಷಧಿ (ಹರಳಿನ ರೂಪದ ಕೀಟನಾಶಕ) ಹಾಕಿದ್ದೀರಾ, ಯಾವಾಗ. ಹರಳು ಎರಚಿದ ಗದ್ದೆಯನ್ನು ಆ ಬೆಳೆ ಮುಗಿಯುವವರೆಗೂ ಮುಟ್ಟಬೇಡಿ. ಕೇಳಲು ಯಾರೂ ಸಿಗದಿದ್ದರೆ ಕಣ್ಣಿಗೆ ಕಾಣುವ ಗುರುತುಗಳಿವೆ. ಹಗಲು ಬಿಸಿಲಲ್ಲೇ ಏಡಿ ಬದುವಿನ ಮೇಲೆ ಮಂಕಾಗಿ ಕುಳಿತಿರುವುದು, ಮುಟ್ಟಿದರೂ ಓಡದಿರುವುದು, ನೀರಿನಲ್ಲಿ ಸತ್ತ ಸಣ್ಣ ಮೀನು, ಕಪ್ಪೆಮರಿ ತೇಲುವುದು. ಇಂಥಲ್ಲಿ ಸುಲಭವಾಗಿ ಸಿಗುವ ಏಡಿ ವಿಷ ತಿಂದ ಏಡಿ. ಊರಿನ ಚರಂಡಿ ನೀರು, ಕಾರ್ಖಾನೆ ನೀರು ಸೇರುವ ಹಳ್ಳವೂ ಬೇಡ.

ಭದ್ರಾ ಬಲದಂಡೆಯ ಮುಖ್ಯ ನಾಲೆಗೆ ಇಳಿಯಲೇಬಾರದು. ಸಿಮೆಂಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ, ನೀರಿನ ಸೆಳೆತ ಮೇಲೆ ಕಾಣುವುದಕ್ಕಿಂತ ಜಾಸ್ತಿ. ಅಲ್ಲಿ ಏಡಿಗೆ ಬಿಲ ತೋಡಲು ಮಣ್ಣೂ ಇಲ್ಲ. ಮೊಣಕಾಲಿಗಿಂತ ಕಡಿಮೆ ನೀರಿರುವ ಮಣ್ಣಿನ ಕಾಲುವೆಯೇ ನಿಮ್ಮ ಜಾಗ. ಬೇಸಿಗೆಯಲ್ಲಿ ನೀರು ಸರದಿ ಮೇಲೆ ಬರುವುದರಿಂದ ಕಾಲುವೆಗೆ ನೀರು ಬಿಡುವ ನೀರುಗಂಟಿಯನ್ನೋ ಸೌಡಿಯನ್ನೋ ಕೇಳಿ ಇವತ್ತು ಯಾವ ತೂಬು ತೆಗೆಯುತ್ತಾರೆ ಎಂದು ತಿಳಿದುಕೊಳ್ಳಿ. ಒಣಗಿದ ಕಾಲುವೆಗೆ ನೀರು ಬಂದ ಮೊದಲ ಸಂಜೆ ಏಡಿ ಹೆಚ್ಚು ಓಡಾಡುತ್ತದೆ. ಸೂಳೆಕೆರೆ, ದೇವರಬೆಳೆಕೆರೆ ಪಿಕಪ್‌ನಂಥ (ಸಣ್ಣ ಅಣೆಕಟ್ಟು) ಕಡೆಗಳಲ್ಲಿ, ಊರಿನ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೋ ಪರವಾನಗಿಗೋ ಒಳಪಟ್ಟಿರುತ್ತದೆ. ಬಲೆ ಬಿಡುವ ಮುಂಚೆ ಅಲ್ಲಿನ ಮೀನುಗಾರರನ್ನು ಕೇಳುವುದು ಕಡ್ಡಾಯ.

ಬಿಲ ಗುರುತಿಸುವುದು ಹೀಗೆ. ಏಡಿ ಅಡ್ಡಡ್ಡ ನುಗ್ಗುವುದರಿಂದ ಬಾಯಿ ಎತ್ತರಕ್ಕಿಂತ ಅಗಲ ಹೆಚ್ಚು. ನೀರಿನ ಅಂಚಿಗೆ ಹತ್ತಿರ ಇರುತ್ತದೆ, ಬಾಯಿಯ ಮುಂದೆ ಹಸಿ ಮಣ್ಣಿನ ಉಂಡೆ, ಚುಕ್ಕಿ ಚುಕ್ಕಿ ಕಾಲ್ಗುರುತು. ಒಣ ಪುಡಿಮಣ್ಣಿನ ಗುಡ್ಡೆ, ಕಡಿದ ತೆನೆ ಇದ್ದರೆ ಇಲಿ ಬಿಲ. ಗುರುತು ಎಷ್ಟೇ ಖಚಿತವಾಗಿದ್ದರೂ ಬಿಲಕ್ಕೆ ಕೈ ಹಾಕಬೇಡಿ. ಏಡಿ ಬಿಟ್ಟುಹೋದ ಬಿಲಕ್ಕೆ ಹಾವು ಸೇರುತ್ತದೆ. ಗದ್ದೆ ಸೀಮೆಯಲ್ಲಿ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ಬಿಲ ಅಗೆಯುವುದೂ ಬೇಡ. ಬದು ಒಡೆದರೆ ರಾತ್ರೋರಾತ್ರಿ ಗದ್ದೆ ನೀರು ಕೆಳಗಿನವರ ಪಾಲಾಗುತ್ತದೆ. ರೈತರೇ ಬದು ಕಡಿದು ಸರಿಮಾಡುವ ದಿನ ಜೊತೆಗೆ ನಿಂತು ಹೊರಬಿದ್ದ ಏಡಿ ಆರಿಸಿಕೊಳ್ಳಬಹುದು. ಏಡಿ ಬಿಲದಿಂದ ಬದು ಸೋರುವುದು, ಹೊಸ ನಾಟಿಯ ಎಳೆ ಪೈರನ್ನು ಅದು ಕತ್ತರಿಸುವುದು ರೈತರಿಗೆ ದೊಡ್ಡ ತಲೆನೋವು, ಹಾಗಾಗಿ ಕೇಳಿ ಹೋದವರಿಗೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಸಾಮಾನು

ಗಂಬೂಟು, ಹಣೆಗೆ ಕಟ್ಟುವ ಟಾರ್ಚು, ಐದು ಅಡಿ ಕೋಲು, ದಪ್ಪ ರಬ್ಬರ್ ಕೈಗವಸು, ಮುಚ್ಚಳವಿರುವ ಬಕೆಟ್, ಒದ್ದೆ ಗೋಣಿಚೀಲ. ಬರಿಗಾಲಲ್ಲಿ ಹೋಗುವುದು ನಮ್ಮಲ್ಲಿ ರೂಢಿ, ಆದರೆ ಇಲಿಜ್ವರ ಗದ್ದೆ ನೀರಿನಿಂದಲೂ ಬರುತ್ತದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯ, ಬಿರುಕುಗಳ ಮೂಲಕ ಮೈಸೇರಿದರೆ ಸಾಕು. ಹಿಮ್ಮಡಿ ಒಡೆದವರು ಬೂಟಿಲ್ಲದೆ ಇಳಿಯಬೇಡಿ.

ರಿಂಗ್ ಬಲೆ ಮನೆಯಲ್ಲೇ ಮಾಡಬಹುದು. ಮಕ್ಕಳ ಸೈಕಲ್ಲಿನ ಹಳೆಯ ರಿಮ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ 6 ಮಿ.ಮೀ. ಕಬ್ಬಿಣದ ಸರಳನ್ನು ಒಂದೂವರೆ ಅಡಿ ಅಗಲದ ಬಳೆಯಾಗಿ ಬಗ್ಗಿಸಿ. ಅದಕ್ಕೆ ಅರ್ಧ ಇಂಚು ಕಣ್ಣಿನ ಮೀನುಬಲೆಯ ತುಂಡನ್ನು ಸುತ್ತಲೂ ಹೊಲಿಯಿರಿ. ಬಲೆ ಬಿಗಿಯಾಗಿರಬಾರದು, ನಡುವೆ ನಾಲ್ಕರಿಂದ ಆರು ಇಂಚು ಜೋತುಬೀಳಬೇಕು. ಬಿಗಿ ಬಲೆಯಾದರೆ ಎತ್ತುವಾಗ ಏಡಿ ಅಂಚಿಗೆ ಓಡಿ ಹಾರಿಬಿಡುತ್ತದೆ. ನೆರಳುಪರದೆಯ ಬಟ್ಟೆ ಹಾಕಬೇಡಿ. ಕಣ್ಣು ಸಣ್ಣದಾದ್ದರಿಂದ ನೀರು ಬೇಗ ಇಳಿಯುವುದಿಲ್ಲ, ಬಲೆ ಭಾರವಾಗಿ ನಿಧಾನಕ್ಕೆ ಏಳುತ್ತದೆ. ಬಳೆಯ ಮೂರು ಕಡೆ ಸಮದೂರದಲ್ಲಿ ಒಂದೂವರೆ ಅಡಿಯ ಹಗ್ಗ ಕಟ್ಟಿ ಮೂರನ್ನೂ ಮೇಲೆ ಗಂಟು ಹಾಕಿ, ಆ ಗಂಟಿಗೆ ಹತ್ತು ಅಡಿ ನೈಲಾನ್ ಹಗ್ಗ ಸೇರಿಸಿ. ಮೂರೂ ಹಗ್ಗ ಒಂದೇ ಉದ್ದ ಇರಲಿ, ಒಂದು ಗಿಡ್ಡವಾದರೂ ಬಳೆ ಓರೆಯಾಗಿ ಏಳುತ್ತದೆ.

ಮೇವಿಗೆ ಕೋಳಿಯ ಕತ್ತು ಅಥವಾ ಕಾಲು. ಕರುಳು ಪುಕ್ಕಟೆ ಸಿಗುತ್ತದೆ ಎಂದು ಎಲ್ಲರೂ ಅದನ್ನೇ ತರುತ್ತಾರೆ, ಆದರೆ ಅದು ತೇಲುತ್ತದೆ, ಏಡಿ ಎರಡೇ ಎಳೆತಕ್ಕೆ ಕಿತ್ತುಕೊಂಡು ಹೋಗುತ್ತದೆ. ಮೂಳೆ ಇರುವ ತುಂಡು ಗಂಟೆಗಟ್ಟಲೆ ಬಾಳುತ್ತದೆ. ಒಣಮೀನಿನ ತಲೆಯೂ ಒಳ್ಳೆಯದು, ವಾಸನೆ ದೂರ ಹರಿಯುತ್ತದೆ. ಈರುಳ್ಳಿ ಚೀಲದ ಬಲೆಯಿಂದ ಅಂಗೈಯಗಲ ಕತ್ತರಿಸಿ, ಮೇವನ್ನು ಅದರಲ್ಲಿ ಗಂಟುಕಟ್ಟಿ, ಬೈಂಡಿಂಗ್ ತಂತಿಯಿಂದ ಬಲೆಯ ನಟ್ಟನಡುವೆ ಬಿಗಿಯಿರಿ.

ಹಿಡಿಯುವುದು

ಸೂರ್ಯ ಮುಳುಗಿದ ಮೇಲಿನ ಎರಡು ಮೂರು ಗಂಟೆ ಸಾಕು. ಒಬ್ಬರೇ ಹೋಗಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ ಕೋಲಿನಿಂದ ನೆಲ ಬಡಿಯುತ್ತ ಹೋಗಿ, ಹಾವು ಸರಿದುಹೋಗಲಿ. ಜಾಗ ಮುಟ್ಟಿದ ಮೇಲೆ ಅಲುಗಾಡದೆ ನಿಲ್ಲಿ, ಏಡಿಗೆ ನೆಲದ ಅದುರು ಬೇಗ ತಿಳಿಯುತ್ತದೆ.

ಬಲೆಯನ್ನು ಮೋರಿಯ ಕೆಳಭಾಗದಲ್ಲಿ, ನೀರು ತಿರುಗಿ ನಿಧಾನವಾಗುವ ಕಡೆ ಇಳಿಸಿ. ನೀರು ಸ್ವಲ್ಪ ಹರಿಯುತ್ತಿರಬೇಕು, ಆಗಲೇ ಮೇವಿನ ವಾಸನೆ ಕೆಳಗಿನ ಬಿಲಗಳಿಗೆ ತಲುಪುವುದು. ಹರಿವು ಜೋರಿದ್ದು ಬಲೆ ಜರುಗಿದರೆ ಮುಷ್ಟಿಗಾತ್ರದ ಎರಡು ಕಲ್ಲನ್ನು ಬಳೆಗೆ ಕಟ್ಟಿ. ಬಳೆ ನೆಲಕ್ಕೆ ಸಮನಾಗಿ ಕೂತಿದೆಯೇ ಎಂದು ಕೋಲಿನಿಂದ ತಡವಿ ನೋಡಿ. ಒಂದು ಬದಿ ಎತ್ತರ ನಿಂತರೆ ಏಡಿ ಒಳಗೆ ಬರದೆ ಕೆಳಗಿನಿಂದ ಬಲೆಯನ್ನೇ ಕತ್ತರಿಸುತ್ತದೆ. ಮೊದಲ ಬಾರಿ ಇಪ್ಪತ್ತು ನಿಮಿಷ ಬಿಡಿ, ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎತ್ತಿ. ಎತ್ತುವಾಗ ಮೊದಲು ಹಗ್ಗದ ಸಡಿಲು ತೆಗೆದು, ಆಮೇಲೆ ಒಂದೇ ಸಮನೆ, ನಡುವೆ ನಿಲ್ಲಿಸದೆ ಮೇಲೆಳೆಯಿರಿ. ಜಗ್ಗಿದರೆ ಏಡಿ ಎಗರುತ್ತದೆ, ನಿಲ್ಲಿಸಿದರೆ ಇಳಿದುಹೋಗುತ್ತದೆ. ಮೂರು ಬಾರಿ ಎತ್ತಿದರೂ ಬರಿದಾದರೆ ಹದಿನೈದು ಇಪ್ಪತ್ತು ಹೆಜ್ಜೆ ಮೇಲಕ್ಕೆ ಜಾಗ ಬದಲಿಸಿ.

ಮಕ್ಕಳ ಜೊತೆ ಹೋದವರಿಗೆ ದಾರದ ವಿಧಾನ ಚೆನ್ನ. ಮೂರಡಿ ಕೋಲಿಗೆ ನಾಲ್ಕಡಿ ಗೋಣಿದಾರ, ತುದಿಗೆ ಕೋಳಿ ಕತ್ತು, ಗಾಳ ಬೇಡ. ಬಿಲದ ಬಾಯಿಯಿಂದ ಒಂದು ಗೇಣು ದೂರದಲ್ಲಿ ನೀರಿಗೆ ಬಿಡಿ. ಏಡಿ ಹಿಡಿದಾಗ ದಾರ ಅಡ್ಡಕ್ಕೆ ಸರಿಯುತ್ತದೆ. ಆಗ ಎಳೆಯದೆ ಹತ್ತು ಎಣಿಸಿ, ಅದು ಎರಡೂ ಕೊಂಬಿನಿಂದ ಗಟ್ಟಿಯಾಗಿ ಕಚ್ಚಿಕೊಳ್ಳಲಿ. ನಂತರ ಬಹಳ ನಿಧಾನವಾಗಿ ದಂಡೆಗೆ ತನ್ನಿ. ಎಲ್ಲರೂ ತಪ್ಪುವುದು ಕೊನೆಯಲ್ಲಿ. ಏಡಿ ನೀರಿನ ಮೇಲ್ಮೈ ದಾಟಿದ ಕ್ಷಣವೇ ಮೇವು ಬಿಡುತ್ತದೆ. ಆದ್ದರಿಂದ ಅದಿನ್ನೂ ನೀರಿನೊಳಗಿರುವಾಗಲೇ ಇನ್ನೊಬ್ಬರು ಹಿಡಿಬಲೆಯನ್ನು ಅದರ ಹಿಂದಿನಿಂದ ಕೆಳಕ್ಕೆ ತೂರಿಸಿರಬೇಕು.

ಟಾರ್ಚಿನಲ್ಲಿ ಬದುವಿನ ಮೇಲೆ ಕಂಡ ಏಡಿಯನ್ನು ಕೋಲಿನ ತುದಿಯಿಂದ ಬೆನ್ನಿನ ಮೇಲೆ ಮೆಲ್ಲಗೆ ಒತ್ತಿ ಹಿಡಿದು, ಹಿಂದಿನಿಂದ ಕೈ ತನ್ನಿ. ಹೆಬ್ಬೆರಳು ಹೊಟ್ಟೆಯ ಕೆಳಗೆ, ಉಳಿದ ಬೆರಳು ಚಿಪ್ಪಿನ ಮೇಲೆ. ಕೊಂಬು ಅಲ್ಲಿಗೆ ತಿರುಗದು. ಕಾಲು ಹಿಡಿದೆತ್ತಬೇಡಿ, ಏಡಿ ಆ ಕಾಲನ್ನೇ ಕಳಚಿಕೊಟ್ಟು ಓಡುತ್ತದೆ. ಕಚ್ಚಿದರೆ ಕೈ ಕೊಡವಬೇಡಿ, ಕೊಡವಿದಷ್ಟೂ ಬಿಗಿಯುತ್ತದೆ. ಕೈಯನ್ನು ನೀರಿಗೋ ನೆಲಕ್ಕೋ ಇಳಿಸಿ ಸುಮ್ಮನಿದ್ದರೆ ಅದೇ ಬಿಟ್ಟು ಓಡುತ್ತದೆ. ಗಾಯವನ್ನು ಸಾಬೂನು ನೀರಿನಲ್ಲಿ ತೊಳೆಯಿರಿ. ಕೆಸರು ಮೆತ್ತಿದ ಗಾಯವಾಗಿದ್ದು, ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿ.

ಯಾವುದನ್ನು ಬಿಡಬೇಕು

ಹಿಡಿದ ತಕ್ಷಣ, ಬಕೆಟ್ಟಿಗೆ ಹಾಕುವ ಮುಂಚೆಯೇ, ಮಗುಚಿ ಹೊಟ್ಟೆ ನೋಡಿ. ಗಂಡಿನ ಮಡಿಕೆ ಕಿರಿದು, ಟಿ ಅಕ್ಷರದ ಆಕಾರ. ಬಲಿತ ಹೆಣ್ಣಿನದು ಅಗಲವಾಗಿ ಹೊಟ್ಟೆಯನ್ನೆಲ್ಲ ಮುಚ್ಚಿರುತ್ತದೆ. ಹೆಣ್ಣಿನ ಮಡಿಕೆ ಉಬ್ಬಿದ್ದರೆ ಒಳಗೆ ಮೊಟ್ಟೆ ಅಥವಾ ಮರಿ ಇದೆ. ತೆರೆದು ನೋಡದೆ, ಹಿಡಿದ ಜಾಗದಲ್ಲೇ ನೀರಿನಂಚಿಗೆ ಇಟ್ಟುಬಿಡಿ. ನಮ್ಮ ಅಭಿಪ್ರಾಯದಲ್ಲಿ ಬರಿಹೊಟ್ಟೆಯ ಹೆಣ್ಣನ್ನೂ ಬಿಡುವುದು ಸರಿ. ಕೊಂಬು ದಪ್ಪ ಇರುವ ಗಂಡಿನಲ್ಲೇ ಮಾಂಸ ಹೆಚ್ಚು, ಆದ್ದರಿಂದ ಅಡುಗೆಗೂ ನಷ್ಟವಿಲ್ಲ. ಬೆನ್ನು ಮೂರು ಬೆರಳಿನ ಅಗಲಕ್ಕಿಂತ, ಅಂದರೆ ಸುಮಾರು 5 ಸೆಂ.ಮೀ.ಗಿಂತ ಕಿರಿದಾದದ್ದನ್ನು ಬಿಡಿ. ಚಿಪ್ಪು ಒತ್ತಿದರೆ ಬಗ್ಗುವಂತಿದ್ದರೆ ಅದು ಈಚೆಗೆ ಪೊರೆ ಬಿಟ್ಟ ಏಡಿ. ಒಳಗೆ ನೀರೇ ತುಂಬಿರುತ್ತದೆ, ಅದನ್ನೂ ಬಿಡಿ. ನಾಲ್ಕು ಜನರ ಸಾರಿಗೆ ಹನ್ನೆರಡು ಏಡಿ ಧಾರಾಳ. ಅಷ್ಟಾದ ಮೇಲೆ ಬಲೆ ಮಡಚಿ.

ಮನೆಗೆ ತರುವುದು

ಬಕೆಟ್ ತುಂಬ ನೀರು ಹಾಕಿ ಏಡಿ ಮುಳುಗಿಸಿಡುವುದು ದೊಡ್ಡ ತಪ್ಪು. ನಿಂತ ನೀರಿನ ಪ್ರಾಣವಾಯು ಬೇಗ ಮುಗಿದು, ಬೆಳಗಾಗುವುದರೊಳಗೆ ಸತ್ತಿರುತ್ತವೆ. ಈ ಏಡಿಗಳು ಮೈ ಒದ್ದೆಯಿದ್ದರೆ ಹೊರಗಿನ ಗಾಳಿಯಲ್ಲೂ ಉಸಿರಾಡಬಲ್ಲವು. ತಳದಲ್ಲಿ ಒಂದಿಂಚು ನೀರು, ಮೇಲೆ ಒದ್ದೆ ಗೋಣಿ ಅಥವಾ ಹಸಿಹುಲ್ಲು, ಮುಚ್ಚಳಕ್ಕೆ ತೂತು. ಒತ್ತೊತ್ತಾಗಿ ತುಂಬಿದರೆ ಒಂದರ ಕಾಲನ್ನೊಂದು ಮುರಿಯುತ್ತವೆ. ಮನೆಯಲ್ಲಿ ಅದೇ ಒಂದಿಂಚು ಮಟ್ಟದ ಬೋರ್‌ವೆಲ್ ನೀರಿನಲ್ಲಿ ಒಂದು ರಾತ್ರಿ ಇಟ್ಟು ಎರಡು ಮೂರು ಸಲ ನೀರು ಬದಲಿಸಿ. ಹೊಟ್ಟೆಯ ಕೆಸರು ಹೋಗುತ್ತದೆ, ಔಷಧಿಯ ಅಂಶ ಹೋಗುವುದಿಲ್ಲ. ಸತ್ತದ್ದನ್ನು ಎಷ್ಟೇ ದೊಡ್ಡದಿದ್ದರೂ ಎಸೆಯಿರಿ.

ಹೆಚ್ಚುವ ಮುಂಚೆ ಅರ್ಧ ಗಂಟೆ ಫ್ರೀಜರಿನಲ್ಲಿಡಿ, ಜೋಮು ಹಿಡಿಯುತ್ತವೆ. ಆಮೇಲೆ ಮಗುಚಿ, ಹೊಟ್ಟೆಯ ಮಡಿಕೆ ಕಿತ್ತು, ಹಿಂದಿನಿಂದ ಬೆಟ್ಟು ತೂರಿಸಿ ಬೆನ್ನಿನ ಚಿಪ್ಪು ಎತ್ತಿ. ಎರಡು ಬದಿಯ ಬೂದುಬಣ್ಣದ ಕಿವಿರು, ಕಣ್ಣಿನ ಹಿಂದಿರುವ ಜಠರದ ಚೀಲ ತೆಗೆದುಹಾಕಿ. ನಡುವಿನ ಹಳದಿ ಮೆತ್ತನೆಯ ಭಾಗವನ್ನು ಕರಾವಳಿಯವರು ಇಷ್ಟಪಟ್ಟು ತಿನ್ನುತ್ತಾರೆ. ಗದ್ದೆ ಏಡಿಯಲ್ಲಿ ಅದನ್ನು ಇಟ್ಟುಕೊಳ್ಳಬೇಡಿ, ಮೈಸೇರಿದ ವಿಷದ ಅಂಶ ಹೆಚ್ಚಾಗಿ ಕೂಡಿಕೊಳ್ಳುವುದು ಅಲ್ಲೇ.

ಸಾರಿಗೆ ಸಣ್ಣ ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ಎರಡು ಲೋಟ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಎರಡು ಬಾರಿ ಸೋಸಿ. ಸಾರಿನ ರುಚಿಯೆಲ್ಲ ಈ ರಸದಲ್ಲಿದೆ. ಒಗ್ಗರಣೆಗೆ ಎರಡು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿ. ಅದಕ್ಕೆ ಹುರಿದು ರುಬ್ಬಿದ ಎರಡು ಚಮಚ ಧನಿಯ, ಹತ್ತು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಮಚ ಕಾಳುಮೆಣಸು, ಕಾಲು ಹೋಳು ತೆಂಗಿನಕಾಯಿ. ಮಸಾಲೆಯ ಹಸಿವಾಸನೆ ಹೋದ ಮೇಲೆ ಏಡಿ, ರಸ, ನಿಂಬೆಗಾತ್ರದ ಹುಣಸೆಹಣ್ಣಿನ ನೀರು, ಉಪ್ಪು ಹಾಕಿ. ಮಳ್ಳುವುದಕ್ಕೆ ಶುರುವಾದ ಮೇಲೆ ಇಪ್ಪತ್ತು ನಿಮಿಷ ಕುದಿಯಲಿ. ರಸ ಮೊದಲಿಗೆ ಒಡೆದಂತೆ ಗಟ್ಟಿಗಟ್ಟಿಯಾಗಿ ಕಾಣುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ, ಅದರ ಪ್ರೋಟೀನ್ ಬೆಂದು ಹೆಪ್ಪುಗಟ್ಟುವುದೇ ಹಾಗೆ. ಮುದ್ದೆಗೂ ಜೋಳದ ರೊಟ್ಟಿಗೂ ಹೊಂದುತ್ತದೆ.

ಆ ಇಪ್ಪತ್ತು ನಿಮಿಷ ಕಡಿಮೆ ಮಾಡಬೇಡಿ. ಸಿಹಿನೀರಿನ ಏಡಿ ಶ್ವಾಸಕೋಶದ ಚಪ್ಪಟೆ ಹುಳುವಿನ ಮರಿಗಳನ್ನು ಹೊತ್ತಿರಬಹುದು. ಅರೆಬೆಂದ ಏಡಿಯ ಜೊತೆ ಅವು ಹೊಟ್ಟೆ ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ನೆಲೆಸುತ್ತವೆ. ತಿಂಗಳುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ, ನೋಡಿದವರು ಕ್ಷಯ ಎಂದೇ ತಿಳಿಯುವಂಥ ಲಕ್ಷಣ. ಕೆಮ್ಮಿಗೆ, ಉಬ್ಬಸಕ್ಕೆ ಮದ್ದು ಎಂದು ಹಸಿ ಏಡಿಯ ರಸ ಕುಡಿಸುವ ಪದ್ಧತಿ ಕೆಲವು ಕಡೆ ಇದೆ. ಕೆಮ್ಮು ತರುವ ಹುಳುವನ್ನೇ ಕೆಮ್ಮಿನ ಮದ್ದಾಗಿ ಕುಡಿಸಿದಂತಾಗುತ್ತದೆ, ಮಕ್ಕಳಿಗಂತೂ ಯಾರು ಹೇಳಿದರೂ ಕೊಡಬೇಡಿ. ಕುಟ್ಟಿದ ಒರಳು, ಸೋಸಿದ ಬಟ್ಟೆ, ಚಾಕು, ಮಣೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ತೊಳೆದ ಮೇಲೆಯೇ ಸೌತೆಕಾಯಿ, ಈರುಳ್ಳಿ ಹೆಚ್ಚಲು ತೆಗೆದುಕೊಳ್ಳಿ. ಸಿಗಡಿ ತಿಂದರೆ ಮೈ ತುರಿಸುವವರು ಈ ಏಡಿಯನ್ನೂ ತಿನ್ನಬಾರದು. ಉಳಿದ ಚಿಪ್ಪು, ಕಿವಿರುಗಳನ್ನು ಕಾಲುವೆಗೆ ಎಸೆಯದೆ ತೆಂಗಿನ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ, ಮೇಲೆ ಹೂತರೆ ನಾಯಿ ಕೆದಕುತ್ತದೆ.